ಒಂದು ಗಳಿಗೆ ಕಳೆದು

ಹನ್ನೆರಡು ಹನ್ನೊಂದು ಎಂದು ಬರೆದೆ.
ಹೆರಿಗೆ ಕೋಣೆಯ ಗಡಿಯಾರ ಹಾಲಿನ ಸೊಸೈಟಿಯವರು ಕೊಟ್ಟದ್ದು,
ಸೆಕೆಂಡಿನ ಮುಳ್ಳು ಒಂಬತ್ತರ ಹತ್ತಿರ ಏದುಸಿರು ಬಿಡುತ್ತದೆ,
ಆದರೂ ದಿನಾ ಆಕಾಶವಾಣಿಯ ವಾರ್ತೆಗೆ ಹೊಂದಿಸಿ ಇಡುತ್ತೇನೆ.
ಮಾದೇವಿಗೆ ಹೆಣ್ಣು. ಎರಡು ಕಿಲೋ ಏಳುನೂರು.
ಕಿಟಕಿಯಲ್ಲಿ ಬೆಟ್ಟದ ದೀಪ;
ಮೆಟ್ಟಿಲು ಹತ್ತುವವರು ಆಗಲೇ ಅರಿಸಿನ ಕುಂಕುಮ ಕಟ್ಟಿಕೊಂಡಿರಬೇಕು.

"ಆಷಾಢ ಸುಕ್ರವಾರ ಹುಟ್ಟವ್ಳೆ, ಅವ್ವನೇ ಬಂದವ್ಳೆ!"
ದೇವೀರಮ್ಮ ಕಾರಿಡಾರಿನಲ್ಲೇ ಸಕ್ಕರೆ ಹಂಚಿದರು,
ಪೊಟ್ಟಣ ಮಡಿಲಲ್ಲಿ ಸಿದ್ಧವಿತ್ತು.
ಆಮೇಲೆ ಫೋನು, ಆರಾಧ್ಯರಿಗೆ, ನಿದ್ದೆಯಿಂದ ಎಬ್ಬಿಸಿ.

ಅವರು ಕೇಳಿದ್ದು ನನ್ನನ್ನು: ಎಷ್ಟು ಗಂಟೆಗೆ, ಸಿಸ್ಟರ್?
ಹೇಳಿದೆ.
ಅದು ಕಾಕಿನಾಡದ ಪಕ್ಕದ ಗೆರೆಯ ಗಂಟೆ ಕಣಮ್ಮ,
ಎಂಬತ್ತೆರಡೂವರೆ ಡಿಗ್ರಿ. ಅಲ್ಲಿ ಹೊತ್ತು ನೆತ್ತಿಗೇರಿದರೆ
ಮೈಸೂರಿನವರೂ ಹನ್ನೆರಡು ಅನ್ನಬೇಕು, ಕೊಲಂಬೊದವರೂ.
ನಮ್ಮ ಸೂರ್ಯ ಬರೋದು ಇಪ್ಪತ್ತಮೂರು ನಿಮಿಷ ತಡ,
ಹೆಚ್ಚೂಕಡಿಮೆ ಒಂದು ಗಳಿಗೆ. ಕಳೀರಿ.
ಹನ್ನೊಂದು ನಲವತ್ತೆಂಟು. ಮೇಷ ಅಲ್ಲ, ಮೀನದ ಕೊನೆ.
ಮತ್ತೆ, ಬೆಳಕು ಹರಿಯೋವರೆಗೂ ನನಗೆ ಗುರುವಾರವೇ.

ದೇವೀರಮ್ಮನ ಅಂಗೈಯಲ್ಲಿ ಉಳಿದ ಸಕ್ಕರೆ
ಬೆವರಿಗೆ ಅಂಟಾಯಿತು.

ನನಗೂ ಗೊತ್ತಿದ್ದ ಮಾತೇ. ಹಿತ್ತಲ ಮೋರಿಗೆ
ಡೆಟಾಲ್ ನೀರು ಚೆಲ್ಲಲು ಹೋದಾಗ ನೋಡಿದ್ದೇನೆ,
ನೆರಳು ಪೂರಾ ಕುಗ್ಗುವಷ್ಟರಲ್ಲಿ
ಹನ್ನೆರಡೂವರೆ ಆಗುತ್ತ ಬಂದಿರುತ್ತದೆ, ಅನ್ನ ಆರಿರುತ್ತದೆ.
ಇಪ್ಪತ್ತಾರು ವರ್ಷ ಬರೆದೆನಲ್ಲ,
ಒಂದೊಂದು ಕೂಸಿನ ಲೆಕ್ಕಕ್ಕೂ ಒಂದು ಗಳಿಗೆ ಜಾಸ್ತಿ;
ಅಷ್ಟನ್ನೂ ಕೂಡಿದರೆ ಎಷ್ಟು ದಿನವೋ, ಯಾರ ಪಾಲೋ.

ಗೇಟಿನಲ್ಲಿ ದಿಲ್‌ಮಾನ್, ಜುಮ್ಲಾದವನು.
ಊರು ಬಿಟ್ಟು ಒಂಬತ್ತು ವರ್ಷವಾದರೂ ಕೈಗಡಿಯಾರ ತಿರುಗಿಸಿಲ್ಲ:
ಅಲ್ಲಿ ಕಾಲು ಗಂಟೆ ಮುಂದೆ.
ಹೆಂಡತಿ ಯಾವಾಗ ಒಲೆ ಹಚ್ಚುತ್ತಾಳೆ ಎಂದು
ಲೆಕ್ಕ ಹಾಕದೆ ತಿಳಿಯಬೇಕಂತೆ.
ಪಾಪು ಅತ್ತಿದ್ದು ಹನ್ನೆರಡು ಇಪ್ಪತ್ತಾರಕ್ಕೆ ಸಿಸ್ಟರ್, ಎಂದ.
ನಾನು ತಿದ್ದಲಿಲ್ಲ.

ಐದಕ್ಕೆ, ಕಾಗೆಗಿಂತ ಮೊದಲು,
ದೇವೀರಮ್ಮ ಮೇಜಿನ ಎದುರು ಬಂದು ನಿಂತರು.
ನಿನ್ ಪುಸ್ತಕ್ದಲ್ಲಿ ಸುಕ್ರವಾರ, ಐನೋರ ಬಾಯಲ್ಲಿ ಗುರುವಾರ.
ನೀನೇ ಹೇಳವ್ವ, ಯಾವ್ದು ದಿಟ?

ಏನು ಹೇಳಲಿ.
ಗುರುವಾರ ಡ್ಯೂಟಿಗೆ ಬಂದೋಳು ಕಣಜ್ಜಿ,
ಇನ್ನೂ ಮನೆಗೆ ಹೋಗಿಲ್ಲ.