ಕಾಗದದ ಕತ್ತರಿ

ಬಟ್ಟೆಯ ಕತ್ತರಿ ಬೇರೆ, ಕಾಗದದ್ದು ಬೇರೆ.
ಕಾರ್ಮಿನ್ ಬಾಯಿ ಕಲಿಸಿದ ಮೊದಲ ಪಾಠ ಇದು.
ಒಂದೇ ಹಾಳೆ ಕತ್ತರಿಸಿದರೂ ಸಾಕು,
ಆಮೇಲೆ ರೇಷ್ಮೆಯನ್ನು ಕತ್ತರಿಸದೆ ಜಗಿಯುತ್ತದೆ.

ಹಗಲು ಬಟ್ಟೆಯದು. ಸಿದ್ದಾಪುರದ ಬಸ್‌ಸ್ಟ್ಯಾಂಡಿನ ಹಿಂದೆ
ಜೆಸಿಂತ ಟೈಲರ್ಸ್, ರವಿಕೆಗೆ ನೂರಾ ಎಂಬತ್ತು,
ಲೈನಿಂಗ್ ಇದ್ದರೆ ಮುನ್ನೂರು.
ಷಟರ್ ಅರ್ಧ ಇಳಿದ ಮೇಲೆ
ಕೆಂಪು ದಾರ ಸುತ್ತಿದ ಇನ್ನೊಂದು ಕತ್ತರಿ ಹೊರಗೆ ಬರುತ್ತದೆ.

ಹಳೇ ಪುಸ್ತಕ ಗುಜರಿ ಮೊಯ್ದು ಕೊಡುತ್ತಾನೆ,
ಕಿಲೋಗೆ ಹನ್ನೆರಡು; ರಟ್ಟು ಕಿತ್ತಿದ್ದರೆ ಹತ್ತು.
ಕರಡಿಗೋಡಿನಲ್ಲಿ ಹೊಳೆ ಮನೆಯೊಳಗೆ ಬಂದ ವರ್ಷ
ಅವನ ತಕ್ಕಡಿಗೆ ಬಿಡುವೇ ಇರಲಿಲ್ಲ.
ನೆಂದು ಉಬ್ಬಿದ ನಿಘಂಟು,
ಕಕಾರದಿಂದ ಗಕಾರದವರೆಗೆ ಒಂದೇ ಹಲಗೆ;
ಕೋಳಿ ಸಾಕಣೆಯ ಕೈಪಿಡಿ;
ಏಳನೇ ಕ್ಲಾಸಿನ ಭೂಗೋಳ,
ಅದರಲ್ಲಿ ಯಾರೋ ಆಫ್ರಿಕಾಕ್ಕೆ ಮೀಸೆ ಬರೆದಿದ್ದರು.

ಅಂಟು ನಾನೇ ಕಾಯಿಸುತ್ತೇನೆ.
ಮೈದಾ, ನೀರು, ಉಗುರಿನಷ್ಟು ಮೈಲುತುತ್ತ.
ತೋಟದವರಿಗೆ ಅದು ಕೊಳೆರೋಗಕ್ಕೆ, ನನಗೆ ಪುಸ್ತಕದ ಹುಳಕ್ಕೆ.
ಒಣಗಿದ ಮೇಲೆ ಅಂಚಿನಲ್ಲಿ ಒಂದು ನೀಲಿ ಉಳಿಯುತ್ತದೆ,
ಆಕಾಶ ಎಂದುಕೊಳ್ಳುವವರು ಎಂದುಕೊಳ್ಳಲಿ.

ಮೊದಮೊದಲು ಓದದೆ ಕತ್ತರಿ ಹಾಕುತ್ತಿರಲಿಲ್ಲ.
ಒಂದು ಸಾಲು ಓದಿದರೆ ಪುಟ ಉಳಿದುಹೋಗುತ್ತಿತ್ತು,
ಚಿತ್ರ ಆಗುತ್ತಿರಲಿಲ್ಲ.
ಈಗ ಹಾಳೆಯನ್ನು ತಲೆಕೆಳಗೆ ಹಿಡಿಯುತ್ತೇನೆ.
ಆಗ ಒತ್ತಕ್ಷರವೆಲ್ಲ ಹಕ್ಕಿ,
ಕೊಂಬು ಬರೀ ಕೊಂಬೆ.

ಹೋದ ಚಳಿಗಾಲ ಮೊಯ್ದು ಒಂದು ಉದ್ದನೆಯ ಪುಸ್ತಕ ತಂದ.
ಮಾರಿಹೋದ ಯಾವುದೋ ಎಸ್ಟೇಟಿನ ಚೆಕ್‌ರೋಲು.
ರೈಟರ ಅಕ್ಷರ ಸೊಟ್ಟ, ಲೆಕ್ಕ ನೆಟ್ಟಗೆ.
ಬಲಗಡೆ ಹೆಬ್ಬೆಟ್ಟುಗಳು, ನೇರಳೆ ಶಾಯಿ,
ಗೆರೆಯೊಳಗೆ ಗೆರೆ, ಸುತ್ತಿನೊಳಗೆ ಸುತ್ತು.
ಮೇಲಿನಿಂದ ನೋಡಿದರೆ ಕಾಫಿ ಗಿಡ ಥೇಟ್ ಹೀಗೇ ಎನಿಸಿತು.
ಮೇಲಿನಿಂದ ನಾನು ಯಾವತ್ತೂ ನೋಡಿಲ್ಲ ಬಿಡಿ.

ಮೂರು ವಾರ. ಎಂಟುನೂರ ಹದಿನಾಲ್ಕು ಹೆಬ್ಬೆಟ್ಟು.
ಬಗ್ಗಿ ಬಗ್ಗಿ ನೆಟ್ಟೆ, ಗುಡ್ಡವಾಯಿತು.
ನೆರಳಿಗೆ ನಿಘಂಟಿನ ಹಲಗೆ ಸೀಳಿ ಸಿಲ್ವರ್ ಮರ,
ಹೊಳೆಗೆ ಆಫ್ರಿಕಾದ ಸುತ್ತಲಿನ ನೀರು.
ಹೆಸರುಗಳ ಸಾಲು ಕಪ್ಪು ಶಾಯಿಯಲ್ಲಿತ್ತು,
ಬಣ್ಣ ಹೊಂದಲಿಲ್ಲ,
ಒಲೆಗೆ ಹೋಯಿತು.

ಸಂತೆಯ ದಿನ ಬೊಳ್ಕಿ ಬಂದಳು, ರವಿಕೆಯ ಅಳತೆಗೆ.
ತೋಳಿಗೆ ಟೇಪು ಸುತ್ತುತ್ತಿದ್ದೆ, ಅವಳ ಕಣ್ಣು ಗೋಡೆಯ ಮೇಲೆ.
"ಇದು ನಮ್ಮ ಬೆರಳಲ್ಲವಾ?"
ಹೌದೆನ್ನಲಾಗದೆ, ಅಲ್ಲವೆನ್ನಲಾಗದೆ, ಟೇಪು ಹಿಡಿದು ನಿಂತೆ.
ಅವಳು ಬುಡದಿಂದ ಗುಡ್ಡ ಹತ್ತತೊಡಗಿದಳು,
ಒಂದೊಂದರ ಮೇಲೂ ತನ್ನ ಹೆಬ್ಬೆರಳಿಟ್ಟು.
"ಇದು ಗಂಡಸಿನದ್ದು.
ಇದಕ್ಕೆ ಶಾಯಿ ಹೆಚ್ಚಾಯ್ತು, ರೈಟರು ಬೈದಿರಬೇಕು.
ಇದು... ಇದೂ ಅಲ್ಲ."
ಅರ್ಧ ಗುಡ್ಡದಲ್ಲಿ ನಿಂತು ನಕ್ಕಳು.

"ರೇಷನ್ ಅಂಗಡಿಯ ಮಿಷನ್ನು ನನ್ನ ಬೆಟ್ಟು ಒಪ್ಪಲ್ಲ ಅಕ್ಕಾ,
ಸವೆದಿದೆಯಂತೆ. ಮೂರು ತಿಂಗಳಾಯ್ತು.
ಒರೆಸು, ಒತ್ತು. ಒರೆಸು, ಒತ್ತು.
ನಿನ್ನ ಗುಡ್ಡದಲ್ಲಿ ಇಷ್ಟೊಂದಿದೆ,
ಒಂದು ಕೊಡು. ಹಳೇದಾದರೂ ಗೆರೆ ಇದೆ."

ತಮಾಷೆಗೆ ಹೇಳಿದಳೋ ಏನೋ, ಇವತ್ತಿಗೂ ಗೊತ್ತಿಲ್ಲ.
ಅವಳು ತೋರಿಸಿದ್ದನ್ನು ಬ್ಲೇಡಿನಿಂದ ಎಬ್ಬಿಸಿದೆ.
ನಾನೇ ಕಾಯಿಸಿದ ಅಂಟು, ಸುಲಭಕ್ಕೆ ಬಿಡಲಿಲ್ಲ;
ಪಕ್ಕದವರ ಅಂಚೂ ಒಂದಿಷ್ಟು ಕಿತ್ತುಬಂತು.
ಬೊಳ್ಕಿ ಅದನ್ನು ಎಲೆಯಡಿಕೆಯ ಚೀಲದಲ್ಲಿ
ಸುಣ್ಣದ ಡಬ್ಬಿಯ ಮಗ್ಗುಲಿಗೆ ಇಟ್ಟುಕೊಂಡಳು.
"ತೋಳು ಬಿಗಿ ಮಾಡಬೇಡ, ಚೀಲ ಎತ್ತುವಾಗ ಹರಿಯುತ್ತೆ."

ತೋಳು ಹತ್ತೂವರೆ, ಎದೆ ಮೂವತ್ತೆರಡು, ಉದ್ದ ಹದಿನಾಲ್ಕು.
ಬರೆದುಕೊಳ್ಳಲು ಚೀಟಿ ಸಿಗದೆ
ಚೆಕ್‌ರೋಲಿನಲ್ಲಿ ಉಳಿದಿದ್ದ ಕೊನೆಯ ಹಾಳೆಯ ಹಿಂದೆ ಬರೆದೆ.
ಮುಂದುಗಡೆ ಯಾರದೋ ಹಾಜರಿ,
ಅರ್ಧ ದಿನ.