ಹಾಲಿನೆಳೆ

ಹಸಿರಿರುವಾಗಲೇ ಬಾಡಿತ್ತು.
ಅದೇ ಗುರುತು. ಎಲೆ ಹಳದಿಯಾಗುವುದಿಲ್ಲ,
ಕಲೆಯಿಲ್ಲ, ಹುಳ ತಿಂದ ತೂತಿಲ್ಲ,
ಮಾತಿನ ನಡುವೆ ನಿದ್ದೆಹೋದವರಂತೆ
ಕತ್ತು ಚೆಲ್ಲುತ್ತದೆ.

ಕಮಠಾಣದ ಘಾಳೆಪ್ಪ ಆ ಬದನೆಗಿಡವನ್ನು
ಒದ್ದೆ ಗೋಣಿಯಲ್ಲಿ ಸುತ್ತಿ ತಂದಿದ್ದ,
ಬೀದರಿನ ತನಕ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು.
"ನೀರ್ ಕಡಿಮಿ ಬಿದ್ದಿಲ್ರಿ ಮೇಡಂ,
ನಿನ್ನಿ ರಾತ್ರೀನೂ ಬಿಟ್ಟೀನಿ.
ಬುಡದಾಗ ಕೆಸರದ, ಮ್ಯಾಲ ಬಾಯಾರಿಕಿ."

ಕಾಂಡ ಕೊಯ್ದೆ, ಗೇಣಿಗೆ ತುಸು ಕಡಿಮೆ.
ಗುಂಡುಸೂಜಿ ಚುಚ್ಚಿ ಗ್ಲಾಸಿನ ಬಾಯಿಗೆ ತೂಗುಹಾಕಿ
ತುದಿಯನ್ನು ನೀರಿಗೆ ಮುಟ್ಟಿಸಿದೆ.
ಚಹಾದ ಗ್ಲಾಸೇ. ಬೀಕರ್ ಒಡೆದು ಎರಡು ತಿಂಗಳು,
ಹೊಸದಕ್ಕೆ ಬರೆದ ಪತ್ರ ಇನ್ನೂ ಯಾರದೋ ಮೇಜಿನ ಮೇಲಿದೆ.

ಎರಡು ನಿಮಿಷ.
ಕೊಯ್ದ ಬಾಯಿಂದ ಬಿಳಿಯೆಳೆಯೊಂದು
ಇಳಿಯತೊಡಗಿತು, ಅವಸರವಿಲ್ಲದೆ,
ಯಾರೋ ಹಾಲನ್ನೇ ನೂಲುತ್ತಿರುವಂತೆ.
ಘಾಳೆಪ್ಪ ಬಗ್ಗಿ ನೋಡಿದ. "ಚಂದ ಅದ" ಅಂದ,
ಅಂದವನೇ ನಾಚಿದ.
ಆ ಎಳೆಯಲ್ಲಿ ಎಷ್ಟು ಕೋಟಿ ಜೀವ ಎಂದು
ನಾನು ಹೇಳಲಿಲ್ಲ.
ನೀರೇರುವ ನಾಳದಲ್ಲಿ ಸಂಸಾರ ಹೂಡಿ
ಅಂಟು ಕಟ್ಟಿ ಕೂತವು ಅವು.
ನೀರು ಅರ್ಧ ದಾರಿಯಿಂದ ಮುಂದೆ ಹೋಗಿಲ್ಲ.

ಔಷಧಿ? ಎಂದು ಕೇಳಿದ.
ಇಲ್ಲ ಅನ್ನುವುದನ್ನು ಹನ್ನೊಂದು ವರ್ಷದಿಂದ
ಬೇರೆ ಬೇರೆ ದನಿಯಲ್ಲಿ ಹೇಳಿದ್ದೇನೆ.
ಇವತ್ತು ಎದ್ದು ಹಿತ್ತಲಿಗೆ ಕರೆದೊಯ್ದೆ.

ಅಲ್ಲಿ ಕಸಿಯ ಗಿಡ: ಕೆಳಗೆ ಸುಂಡೆ, ಮೇಲೆ ಬದನೆ.
ಗಾಯ ಕೂಡಿದ ಕಡೆ ಚಿಕ್ಕದೊಂದು ಗಂಟು.
ಆ ಮಡಿಗೆ ನಾನೇ, ಬೇಕೆಂದೇ,
ರೋಗದ ಮಣ್ಣು ಸುರಿದಿದ್ದೆ ಮೃಗಶಿರದಲ್ಲಿ.
"ಅಂದ್ರ ಇದರಾಗ ರೋಗ ಇಲ್ಲೇನ್ರಿ?"
ಇದೆ. ಬೇರು ಕೊಯ್ದರೆ ಸಿಗುತ್ತದೆ.
ಮೇಲೇರಿಲ್ಲ, ಅಷ್ಟೇ.

ಸುಂಡೆಯ ಕಾಂಡವನ್ನು ಬ್ಲೇಡಿನಲ್ಲಿ ತೆಳ್ಳಗೆ ಸೀಳಿ
ಸೂಕ್ಷ್ಮದರ್ಶಕದಡಿ ಎಷ್ಟೋ ಸಂಜೆ ನೋಡಿದ್ದೇನೆ.
ಯುದ್ಧ ಕಂಡೀತು ಅಂದುಕೊಂಡಿದ್ದೆ.
ಕಂಡದ್ದು ಮುಚ್ಚಿದ ಬಾಗಿಲು.
ರೋಗ ಹೊಕ್ಕ ನಾಳದೊಳಕ್ಕೆ ಪಕ್ಕದ ಕೋಶ
ಬುಗ್ಗೆಯಂತೆ ಉಬ್ಬಿ ಬಂದು ಕೂತಿದೆ,
ತನ್ನ ನೀರನ್ನು ತಾನೇ ತಡೆದು.
ಸುತ್ತಲಿನ ಸಣ್ಣ ನಾಳಗಳಿಗೆ
ಇದರ ಗೊಡವೆಯೇ ಇಲ್ಲ. ಹರಿಯುತ್ತಿವೆ.

ಸಮುದ್ರದಾಚೆ ಜೈತೂನಿನ ತೋಟಗಳಿಗೂ
ನೀರಿನ ನಾಳದ್ದೇ ಒಂದು ರೋಗ ಬಿದ್ದಿದೆಯಂತೆ.
ನೂರಾರು ವರ್ಷದ ಮರಗಳು ನಿಂತಲ್ಲೇ ಒಣಗಿ,
ಅವುಗಳ ನಡುವೆ ಒಂದು ತಳಿ ಮಾತ್ರ
ಕೊಂಬೆಯಲ್ಲಿ ರೋಗವಿಟ್ಟುಕೊಂಡೇ ಕಾಯಿ ಬಿಡುತ್ತಿದೆಯಂತೆ.
ಅದರ ನಾಳಗಳು ಕಿರಿದು, ಎಂದು ಓದಿದೆ.

ನೌಬಾದಿನ ಮೈನೋದ್ದೀನ್ ಚಾಚಾಗೆ ಇದು ಹೊಸದಲ್ಲ.
ಹರೆಯದಲ್ಲಿ ಸುರಂಗ ಬಾವಿಗೆ
ಹಗ್ಗ ಹಿಡಿದು ಇಳಿದವರು.
"ಒಂದ್ ಕಡಿ ಕುಸ್ದಿತ್ತು ಬೇಟಿ.
ತೆಗದ್ರ ಮತ್ತ ಬೀಳ್ತದ ಅಂತ
ಕಲ್ಲಿಟ್ಟು ಮುಚ್ಚೇ ಬಿಟ್ವಿ.
ನೀರೇನ್ ಹುಚ್ಚದೇನು? ಮಗ್ಗಲಿಂದ ಹೋಯ್ತು.
ನಾವ್ ಮ್ಯಾಲ ಬರೂದ್ರಾಗ ಅದು ಊರ ಮುಟ್ಟಿತ್ತು."

ಘಾಳೆಪ್ಪ ಕೇಳಿದ್ದು ಬೇರೆ:
"ಸುಂಡಿ ಕಹಿ ಇರ್ತದಲ್ರಿ, ಕಾಯಿಗೆ ಇಳಿಯೂದಿಲ್ಲ?"
ಇಳಿಯುವುದಿಲ್ಲ ಅಂದೆ.
ಕಾವು, ಕೆಸರು ಎರಡೂ ಅತಿಯಾದ ವರ್ಷ
ಸುಂಡೆಯೂ ಸೋಲುವುದುಂಟು, ಅದನ್ನೂ ಅಂದೆ.
ತಲೆಯಾಡಿಸಿದ, ಸೋಲುವ ಮಾತು ಕೇಳಿದ ಮೇಲೆಯೇ
ನನ್ನನ್ನು ನಂಬಿದವನಂತೆ.

ಟ್ರೇಯಿಂದ ಆರು ಎಳೆಯ ಕಸಿ ಎಣಿಸಿಕೊಟ್ಟೆ.
ಕುತ್ತಿಗೆಗೊಂದು ಪ್ಲಾಸ್ಟಿಕ್ ಕ್ಲಿಪ್ಪು, ಜಡೆಗೆ ಹಾಕುವಂಥದು.
ಅದೇ ಗೋಣಿಯಲ್ಲಿ ಸುತ್ತಲು ಹೋದ.
ಕಸಿದುಕೊಂಡೆ. ಹಳೆಯ ಪೇಪರು ಕೊಟ್ಟೆ.

ಅವನು ಹೋದ ಮೇಲೆ ಗ್ಲಾಸು ನೋಡಿದೆ.
ಎಳೆ ಕರಗಿತ್ತು, ನೀರೆಲ್ಲ ಮಬ್ಬು,
ನಸುಕಿನ ಕೋಟೆಯ ಕಂದಕದ ಮೇಲಿನ ಮಂಜಿನಷ್ಟು.
ಗೋಣಿ ಸುಟ್ಟೆ. ಗ್ಲಾಸು ಕುದಿಸಿದೆ, ಎರಡು ಸಲ.
ಆದರೂ ಇವತ್ತಿನ ಚಹಾ
ಬೇರೆ ಗ್ಲಾಸಿನಲ್ಲಿ ಕುಡಿದೆ.