ಕೆಂಬಾಲದ ಲೆಕ್ಕ

ಬಿಳಿಗುಂಡ್ಲುವಿನ ಅಳತೆಕಂಬದ ಹತ್ತಿರ
ದಿನಾ ಬೆಳಿಗ್ಗೆ ನೀರು ಅಳೆಯುತ್ತಾರೆ.
ಎಷ್ಟು ಬಂತು, ಎಷ್ಟು ಬರಬೇಕಿತ್ತು,
ಯಾರ ಪಾಲು ಯಾರ ಗಂಟಲಿಗೆ,
ದಿಲ್ಲಿ ತನಕ ಹೋಗುತ್ತದಂತೆ ಆ ಅಂಕಿ.
ನೀರಿನ ಒಳಗೆ ಎಷ್ಟು ಬಂದವು ಅಂತ
ಯಾರೂ ಕೇಳಿದ್ದಿಲ್ಲ,
ತೇನ್ಮೊಳಿ ಬರುವ ತನಕ.

ಬಂದವಳೇ ತಮಿಳಲ್ಲಿ ಕೇಳಿದಳು:
ಅಣ್ಣಾ, ಕೆಂಪು ಬಾಲದ್ದು ಕಡೇ ಸಲ ಕಂಡದ್ದು ಯಾವಾಗ?
ನಾನು ಕನ್ನಡದಲ್ಲಿ ಹುಡುಕಿದೆ.
ಬಾಯಿಗೆ ಬಂದದ್ದು
ಎರಡೂ ಅಲ್ಲದ ಒಂದು ಹೂಂ.

ಚಿಕ್ಕಪ್ಪ ಕಾಳೇಮಾದನ ಕಾಲಕ್ಕೆ
ಹರಿಗೋಲಿನ ಈ ಅಂಚಿಗೆ ತಲೆ, ಆ ಅಂಚಿಗೆ ಬಾಲ,
ಬೆನ್ನ ಮೇಲೆ ಅರೆಮೂಟೆ ಹೊತ್ತಂಥ ಡುಬ್ಬ.
ಒಂದೊಂದು ಹುರುಪೆ ವೀಳ್ಯದೆಲೆಯಷ್ಟಗಲ.
ನಮ್ಮಕ್ಕ ಅದರಲ್ಲೇ ಅನ್ನವಿಟ್ಟು
ಗೊಂಬೆಗಳಿಗೆ ಉಣ್ಣಿಸುತ್ತಿದ್ದಳು.
ದೊರೆಗಳು ಬಂದು ರಾಗಿ ಉಂಡೆ ಕಟ್ಟಿ ಎಸೆದರೆ
ದಾರದ ಚಕ್ರ ಕೂಗುತ್ತಿದ್ದದ್ದು
ಆಚೆ ದಡದ ನಾಯಿಗೂ ಕೇಳುತ್ತಿತ್ತು.

ಆಮೇಲೆ ಕಲ್ಲುಕ್ವಾರಿಯ ತೋಟೆ ಬಂತು.
ಒಂದು ಡಬ್, ಮಡುವೆಲ್ಲ ಬಿಳಿ ಹೊಟ್ಟೆ.
ನಾನು ಹಾಕಿಲ್ಲ.
ಹೆಕ್ಕಿದ್ದೇನೆ.

ಅದಕ್ಕೇ ಇರಬೇಕು, ಮರಿ ಬಿಡುವ ಸಾಹೇಬರು ಬಂದಾಗ
ಮೊದಲು ಮೊಣಕಾಲು ನೀರಿಗಿಳಿದವನು ನಾನೇ.
ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲ, ಚೀಲದ ತುಂಬ
ಬೆರಳುದ್ದದ ಮಿಣುಕು.
ನಲವತ್ತು ಚೀಲ ಬಿಚ್ಚಿದೆ ಆ ದಿನ,
ಎದೆಹಾಲು ಕುಡಿಸುವವಳ ಹಾಗೆ ಮೆತ್ತಗೆ.
ಪೇಪರಿನಲ್ಲಿ ಫೋಟೋ ಬಂತು,
ಕೆಳಗೆ ನನ್ನ ಹೆಸರು, ಸಿದ್ದಮಾದ,
ಒಂದು ಅಕ್ಷರ ತಪ್ಪು.

ತಪ್ಪಿದ್ದು ಅದೊಂದೇ ಅಲ್ಲ ಅಂತ
ತಿಳಿದದ್ದು ಈಗ.
ಅವು ನಮ್ಮವಲ್ಲವಂತೆ.
ಬೇರೆ ಹೊಳೆಯವು, ನೀಲಿ ರೆಕ್ಕೆಯವು.
ಬಂದವು, ತಿಂದವು, ಗುಣಿಸಿಕೊಂಡವು,
ಕೆಂಬಾಲ ಇದ್ದ ಮಡುವಿನಲ್ಲೆಲ್ಲ
ಈಗ ಅವುಗಳದೇ ಸಂಸಾರ.
ತೇನ್ಮೊಳಿ ಇದನ್ನು ಹೇಳುವಾಗ ನೆಲ ನೋಡುತ್ತಿದ್ದಳು.
ತೋಟೆ ಹಾಕಿದವನನ್ನಾದರೆ ಬಯ್ಯಬಹುದಿತ್ತು.

ರಾತ್ರಿ ಬ್ಯಾಟರಿ ಹಿಡಿದು
ಗೋಡೆಯ ಫೋಟೋ ಹತ್ತಿರ ಹೋದೆ.
ಕಪ್ಪುಬಿಳುಪು.
ಮರಿಗಳ ಬಾಲ ಯಾವ ಬಣ್ಣವೋ
ಕಾಣುವುದಿಲ್ಲ.

ಈಗ ನಸುಕಿಗೇ ಹರಿಗೋಲು ಹಾಕುತ್ತೇವೆ.
ರಾಗಿ ಉಂಡೆ ಅದೇ, ಸೋಂಪು ಒಂದು ಚಿಟಿಕೆ;
ಕೊಕ್ಕೆಯ ಮುಳ್ಳು ಮಾತ್ರ ಅರದಿಂದ ಉಜ್ಜಿದ್ದು.
ಚಿನ್ನಪಾಪನ ಹಳೇ ಸೀರೆ ನೆನೆಸಿ ತೊಟ್ಟಿಲು ಮಾಡಿ
ಅದರಲ್ಲಿ ಮಲಗಿಸಿ ಉದ್ದ ಬರೆಯುವುದು,
ರೆಕ್ಕೆಯಿಂದ ಉಗುರಿನಷ್ಟು ಕತ್ತರಿಸಿ ಶೀಶೆಗೆ ಹಾಕುವುದು,
ಬೆನ್ನಿಗೆ ಹಳದಿ ನೂಲು, ನೂಲಿಗೆ ನಂಬರು.
ನೀಲಿ. ನೀಲಿ. ನೀಲಿ.
ನೀಲಿಯನ್ನು ತಿರುಗಿ ಬಿಡುವ ಹಾಗಿಲ್ಲ.
ಮನೆಗೆ ತಂದರೆ ಚಿನ್ನಪಾಪ ಬಾಣಲೆ ಮುಟ್ಟಳು:
ನೀನೇ ಬಿಟ್ಟ ಮಕ್ಕಳು,
ನಾನು ಹುರಿಯಲಾ?

ಮೂರು ವರ್ಷಕ್ಕೆ ಕೆಂಪು, ಹನ್ನೊಂದು.
ಅದರಲ್ಲೊಂದು ಮೊಟ್ಟೆ ತುಂಬಿದ ಹೆಣ್ಣು;
ಗಂಡು ಸಿಗುವಷ್ಟರಲ್ಲಿ ತೊಟ್ಟಿಯ ಕರೆಂಟು ಹೋಗಿ
ಬೆಳಗಾಗುವಾಗ ಮೊಟ್ಟೆ ಸುಣ್ಣದ ಹಾಗೆ ಬಿಳುಚಿತ್ತು.
ಆ ದಿನ ತೇನ್ಮೊಳಿ ಊಟ ಮಾಡಲಿಲ್ಲ.
ಸಾಹೇಬರು ಫೋನಿನಲ್ಲಿ ಕೇಳುತ್ತಿದ್ದರು,
ಯಾವಾಗ ಸುರಿಯುವುದು, ಮಂತ್ರಿಗಳನ್ನು ಕರೆಯಬೇಕು.
ಸುರಿಯುವುದಕ್ಕಲ್ಲ ಸಾರ್, ಅಂತ
ನಾನು ಪಕ್ಕದಿಂದ ಕೂಗಿದೆ.

ನಿನ್ನೆ ಹೊಸನೀರು ಕೆಂಪಗೆ ಇಳಿಯುತ್ತಿತ್ತು.
ದಾರ ಜಗ್ಗಿತು, ಹರಿಗೋಲು ಬುಗುರಿಯಾಯಿತು,
ಸೀರೆಗೆ ಬಂದಾಗ ಬಾಲ ನೋಡಿದೆ,
ಒಲೆಯ ಕೆಂಡ.
ಹನ್ನೆರಡು ಅಂತ ಬರಿ, ಅಂದೆ.
ಅವಳು ಬೆನ್ನು ಸವರಿ ನೋಡಿದಳು.
ಪಾಚಿ ಹಿಡಿದ ಹಳದಿ ನೂಲು, ನಂಬರು ನಾಲ್ಕು.
ಹೋದ ಚಳಿಗಾಲ ನಾವೇ ಬಿಟ್ಟದ್ದು.

ಹನ್ನೊಂದೇ.

ಎದುರುನೀರಿಗೆ ಮುಖ ಮಾಡಿ ಹಿಡಿದುಕೊಂಡೆ,
ಕಿವಿರು ತೆರೆದು ಮುಚ್ಚಿ ತೆರೆದು,
ನನ್ನ ಕೈ ಮರಗಟ್ಟಿ
ಅದರ ಮೈಗೆ ಬಲ ಬರುವ ತನಕ.
ಅಳತೆಕಂಬದಿಂದ ಯಾರೋ ಅಂಕಿ ಕೂಗುತ್ತಿದ್ದರು.
ತೇನ್ಮೊಳಿ ಪುಸ್ತಕದಲ್ಲಿ ಹಳೇ ಉದ್ದ ಹುಡುಕಿ
ಪಕ್ಕದಲ್ಲಿ ಹೊಸದು ಬರೆದಳು.
ನಾಲ್ಕು ಬೆರಳು ಬೆಳೆದಿತ್ತು.